ರೊದಿಕಕ್ಕ ಹೇಳಿದ ಸುಳ್ಳು

ರೊದಿಕಕ್ಕ ಬೇಕರಿಯಲ್ಲಿ ಬೆಳಗಿನ ಪಾಳಿ ಮುಗಿಸಿ, ತೋಳಿಗಂಟಿದ ಹಿಟ್ಟನ್ನೂ ಸರಿಯಾಗಿ ತೊಳೆಯದೆ ಚರ್ಚಿಗೆ ಓಡಿ ಬರುತ್ತಿದ್ದಳು. ಬೆಯೂಷ್ ಪಟ್ಟಣದ ನಮ್ಮ ಬ್ಯಾಪ್ಟಿಸ್ಟ್ ಸಭೆಯ ಹದಿಹರೆಯದವರು ಒಂಬತ್ತು ಮಂದಿ ಪ್ರತಿ ಶನಿವಾರ ಅವಳಿಗಾಗಿ ಕಾಯುತ್ತಿದ್ದೆವು. ಒಂದು ಕಡೆ ಕೂರುವವಳಲ್ಲ. ಮಾತಾಡುತ್ತಲೇ ಕಿಟಕಿ ತೆರೆಯುವಳು, ಮುಚ್ಚುವಳು. ಹೇಳಲಾಗದ ಮಾತನ್ನು ಹೇಳುವುದು ಹೇಗೆ ಎಂಬುದೇ ಆ ವರ್ಷ ಅವಳು ಹಿಡಿದಿದ್ದ ಪಾಠ. ಒಬ್ಬರನ್ನು ಅಪ್ಪ, ಇನ್ನೊಬ್ಬರನ್ನು ಮಗಳು ಮಾಡಿ ಎದುರುಬದುರು ಕೂರಿಸುತ್ತಿದ್ದಳು.

"ನಿಜ ಹೇಳ್ಬೇಕು ಅಂತ ಕಲ್ಲು ಎತ್ಕೊಂಡು ಹೋಗ್ಬೇಡ್ರೋ. ನೋಯ್ಸಬಾರ್ದು ಅಂತ ಸಕ್ಕರೆನೂ ಬಳೀಬೇಡಿ."

ಪೆಂತೆಕೋಸ್ತ್ ಹಬ್ಬಕ್ಕೆ ಎಂಟು ದಿನವಿತ್ತು. ಹಬ್ಬದ ದಿನ ಎಲ್ಲರೆದುರು ನಂಬಿಕೆ ಒಪ್ಪಿ, ನೀರಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆಯಬೇಕಿದ್ದವಳು ಹದಿನೇಳರ ದಮಾರಿಸ್, ಸಭೆಯ ಹಿರಿಯ ತ್ರಾಯಾನರ ಮಗಳು. ಪಾಠ ಮುಗಿದ ಮೇಲೆ ಅವಳು ರೊದಿಕಕ್ಕನನ್ನು ಮೂಲೆಗೆ ಕರೆದಳು.

"ಅಕ್ಕ, ನನ್ನ ನಂಬಿಕೆ ಇನ್ನೂ ಗಟ್ಟಿಯಾಗಿಲ್ಲ. ಎಲ್ರೆದುರು ಹೂಂ ಅಂದ್ರೆ ಸುಳ್ಳಾಗುತ್ತೆ. ಅಪ್ಪ ಊರಿಗೆಲ್ಲ ಹೇಳ್ಬಿಟ್ಟಿದ್ದಾರೆ."

ಆ ವಾರವಿಡೀ ರೊದಿಕಕ್ಕನಿಗೆ ನೆಮ್ಮದಿಯಿಲ್ಲ. ಎರಡು ಸಲ ಬ್ರೆಡ್ಡು ಸೀಯಿಸಿದಳು. ಗುರುವಾರ ತ್ರಾಯಾನ್ ಬೇಕರಿಗೇ ಬಂದರು. "ಮಗಳು ಸರಿಯಾಗಿ ಊಟ ಮಾಡ್ತಿಲ್ಲ. ನಿನ್ ಹತ್ರ ಏನಾದ್ರೂ ಹೇಳಿದ್ಳಾ?"

"ಏನಿಲ್ಲಣ್ಣ, ಪರೀಕ್ಷೆ ಭಯ ಅಷ್ಟೆ" ಎಂದುಬಿಟ್ಟಳು.

ಶನಿವಾರ ದಮಾರಿಸ್ ನಮ್ಮೆಲ್ಲರ ಮುಂದೆಯೇ ಕೇಳಿದಳು: "ಅಪ್ಪಂಗೆ ಪರೀಕ್ಷೆ ಭಯ ಅಂದ್ಯಂತೆ. ನಮ್ಗೊಂದು ಪಾಠ, ನಿಂಗೊಂದು ಪಾಠನಾ ಅಕ್ಕ?"

ರೊದಿಕಕ್ಕನ ಕಿವಿ ಕೆಂಪಾಯಿತು. "ಹೆದರಿದೆ ಕಣೇ. ನಿನ್ನ ಗುಟ್ಟು ಬಿಟ್ಕೊಡೋ ಹಕ್ಕು ನಂಗಿರ್ಲಿಲ್ಲ. ಆದ್ರೆ 'ಅವಳನ್ನೇ ಕೇಳಣ್ಣ' ಅನ್ಬಹುದಿತ್ತು, ಅನ್ಲಿಲ್ಲ." ಬ್ಯಾಗು ಹೆಗಲಿಗೇರಿಸಿದಳು. "ಈಗ್ಲೇ ಹೋಗಿ ನನ್ನ ಸುಳ್ಳು ಒಪ್ಕೋತೀನಿ. ನಿನ್ನ ಮಾತು ಹೇಳೋದು ಬಿಡೋದು ನಿಂದೇ."

"ನಾನೂ ಬರ್ತೀನಿ" ಎಂದಳು ದಮಾರಿಸ್. ಮುಂದಿನದು ಅವಳೇ ನನಗೆ ಹೇಳಿದ್ದು.

ತ್ರಾಯಾನ್ ಮನೆಯ ಹಿತ್ತಲಲ್ಲಿ ಪ್ಲಮ್ ಗಿಡಗಳಿಗೆ ಔಷಧಿ ಹೊಡೆಯುತ್ತಿದ್ದರು. ರೊದಿಕಕ್ಕ, "ಅಣ್ಣ, ಗುರುವಾರ ನಿಮ್ಗೆ ಸುಳ್ಳು ಹೇಳ್ದೆ. ತಪ್ಪಾಯ್ತು" ಎಂದು ಪಕ್ಕಕ್ಕೆ ಸರಿದಳು.

ದಮಾರಿಸ್ ಮುಂದೆ ಬಂದಳು. "ಅಪ್ಪ, ನಿಂಗೆ ನೋವಾಗುತ್ತೆ, ಗೊತ್ತು. ನಾನು ದೇವರನ್ನ ಬಿಟ್ಟಿಲ್ಲ. ಆದ್ರೆ ನಾಳೆ ನೀರಿಗಿಳಿಯಲ್ಲ. ನಿನ್ನ ಮಾನಕ್ಕೋಸ್ಕರ ಇಳಿದ್ರೆ ಅದು ದೀಕ್ಷೆ ಆಗಲ್ಲ."

"ಸಭೆಗೆ ಏನಂತ ಹೇಳ್ಲಿ?"

"ನಿಜಾನೇ ಹೇಳಪ್ಪ. ಬೇಡಾಂದ್ರೆ ನಾನೇ ಹೇಳ್ತೀನಿ."

ತ್ರಾಯಾನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುದಿನ ಚರ್ಚಿನಲ್ಲಿ ಎದ್ದು ನಿಂತು, "ನನ್ನ ಮಗಳು ಈ ಸಲ ಇಳಿಯಲ್ಲ. ಯಾರೂ ಅವಳನ್ನ ಕೆದಕಬೇಡಿ" ಎಂದು ಕೂತರು.

ಮೂರು ವಾರ ಮನೆಯಲ್ಲಿ ಅಪ್ಪ ಮಗಳ ನಡುವೆ ಮಾತಿಲ್ಲ. ಒಂದು ದಿನ ಮಗಳು ಮಾಡಿದ ಊಟಕ್ಕೆ ಕೂತಾಗ ತ್ರಾಯಾನ್, "ಸೂಪಿಗೆ ಉಪ್ಪು ಕಮ್ಮಿ ಕಣೇ" ಎಂದರು.

"ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ಅಪ್ಪ."

ಜೊತೆಗೆ ಊಟಕ್ಕೆ ಕೂತಿದ್ದ ದಮಾರಿಸಳ ಅಜ್ಜಿಗೆ ನಗು ತಡೆಯಲಾಗಲಿಲ್ಲ. ತ್ರಾಯಾನರೂ ತಟ್ಟೆ ನೋಡುತ್ತ ನಕ್ಕರು.

ರೊದಿಕಕ್ಕ ಮಕ್ಕಳ ತಲೆ ಕೆಡಿಸುತ್ತಾಳೆಂದು ಸಭೆಯ ಇಬ್ಬರು ಹೋಗಿ ಪಾಸ್ಟರಿಗೆ ದೂರು ಕೊಟ್ಟರು. "ಅವಳು ಹಾಗೇ ಕಲಿಸ್ಲಿ" ಎಂದವರು ತ್ರಾಯಾನ್. ದಮಾರಿಸ್ ಇನ್ನೂ ನೀರಿಗಿಳಿದಿಲ್ಲ. ಭಾನುವಾರ ಅಪ್ಪನ ಜೊತೆಗೇ ಚರ್ಚಿಗೆ ಬರುತ್ತಾಳೆ.