ಉಗ್ರಪ್ಪನವರ ವನವಾಸ
ವರ್ಷಕ್ಕೊಮ್ಮೆ ನಮ್ಮ ಆಫೀಸಿನ ಹೆಡ್ ಕ್ಲರ್ಕ್ ಉಗ್ರಪ್ಪನವರಿಗೆ ಕಾಡಿನ ಹುಚ್ಚು ಕೆರಳುತ್ತದೆ. ಕನಕಪುರದಾಚೆ, ಬಸ್ಸಿಳಿದು ಕಾಲು ಸೋಲುವಷ್ಟು ನಡೆದರೆ ಸಿಗುವ ಒಂದು ಬಾಡಿಗೆ ಗುಡಿಸಲಿಗೆ ಅವರು ತ್ಯಾಗರಾಜನಗರದ ಇಡೀ ಮನೆಯನ್ನೇ ಗಂಟು ಕಟ್ಟಿಕೊಂಡು ಹೊರಡುತ್ತಾರೆ: ಸೀಮೆಎಣ್ಣೆ ಸ್ಟವ್, ಕಾಫಿ ಫಿಲ್ಟರ್, ಟ್ರಾನ್ಸಿಸ್ಟರ್, ಚಿಲಕವೇ ಇಲ್ಲದ ಬಾಗಿಲಿಗೊಂದು ದಪ್ಪ ಹಿತ್ತಾಳೆ ಬೀಗ. "ಮನುಷ್ಯ ಏನೂ ಇಲ್ದೆ ಬದುಕೋದು ಕಲೀಬೇಕು ಕಣ್ರೀ" ಎನ್ನುತ್ತ ಹಾಸಿಗೆಯ ಸುರುಳಿಯನ್ನು ಹೆಂಡತಿ ಈಶ್ವರಮ್ಮನ ತಲೆಗೇರಿಸುತ್ತಾರೆ. ಹಿಂತಿರುಗಿದ ಮೇಲೆ ಕ್ಯಾಂಟೀನಿನಲ್ಲಿ ಅವರ ಆನೆ ಕಥೆ ಮುಂದಿನ ವರ್ಷದವರೆಗೂ ಮುಗಿಯುವುದಿಲ್ಲ. ಈ ಬಡಾಯಿಯ ಬುಡ ನೋಡೋಣವೆಂದು ಒಮ್ಮೆ ನಾನೂ ಜೊತೆಗೆ ಹೋದೆ. ಹಕ್ಕಿ ಕೂಗಿದರೆ ಕ್ರಿಕೆಟ್ ಕಾಮೆಂಟರಿ ಕೇಳಿಸುವುದಿಲ್ಲವೆಂದು ಉಗ್ರಪ್ಪನವರು ಹಕ್ಕಿಯನ್ನೇ ಗದರಿಸಿದರು. ಹೊರಗೆ ತರಗೆಲೆ ಸದ್ದಾದರೆ, "ಈಶ್ವರಿ, ಏನದು ನೋಡು" ಎಂದು ತಾವು ಒಳಗೆ ಸರಿದರು. ಹಸುವೆಂದು ತಿಳಿದ ಮೇಲೆ ಧೈರ್ಯವಾಗಿ ಸುತ್ತಿಗೆ ತೆಗೆದು, ಹಲಗೆಯ ಗೋಡೆಗೆ ಮೊಳೆ ಹೊಡೆದು, ತೀರಿಹೋದ ತಾಯಿಯ ಫೋಟೋ ತೂಗುಹಾಕಿದರು. ಗೋಡೆಯಲ್ಲಿ ಹಿಂದಿನ ವರ್ಷಗಳ ತುಕ್ಕು ಹಿಡಿದ ಮೊಳೆಗಳು ಬೇಕಾದಷ್ಟಿದ್ದವು. "ಫೋಟೋನೂ ಕಾಡಿಗೆ ಹೊತ್ಕೊಂಡು ಬರ್ಬೇಕಾ?" ಎಂದು ನಕ್ಕೆ. ಈಶ್ವರಮ್ಮ ಮೆಲ್ಲಗೆ ಹೇಳಿದರು: "ಮನೇಲಿ ಅತ್ತೆ ಟ್ರಂಕಲ್ಲೇ ಇರ್ತಾರಣ್ಣ. ನಮ್ಮ ಓನರಮ್ಮ ಗೋಡೆಗೆ ಒಂದು ಮೊಳೆ ಹೊಡಿಯೋಕೂ ಬಿಡಲ್ಲ." ಉಗ್ರಪ್ಪನವರು ನಮ್ಮ ಮಾತು ಕೇಳಿಸಿಕೊಳ್ಳಲಿಲ್ಲ. ದೂರ ನಿಂತು ಫೋಟೋ ಓರೆಯಾಗಿದೆಯೇ ಎಂದು ನೋಡಿದರು. ಆಮೇಲೆ, ತೂಗುಹಾಕಲು ಏನೂ ಉಳಿದಿರದಿದ್ದರೂ, ಇನ್ನೊಂದು ಮೊಳೆ ಹೊಡೆದರು.