ಕಾಗೆ ಆರಿಸಿಕೊಂಡ ತೀನಿ

ಸತ್ತವರು ಕಾಗೆಯಾಗಿ ಬರುತ್ತಾರೆ ಎಂಬ ಮಾತನ್ನು ನಾನು ಎಂದೂ ನಂಬಿದವನಲ್ಲ. ಹಸಿವಾದರೆ ಕಾಗೆ ಬರುತ್ತದೆ, ಇಲ್ಲದಿದ್ದರೆ ಇಲ್ಲ, ಇದರಲ್ಲೇನಿದೆ ಎಂದು ನೆಂಟರ ಬಾಯಿ ಮುಚ್ಚಿಸುತ್ತಿದ್ದೆ. ಈಗ ಅಷ್ಟು ಜೋರಾಗಿ ಹೇಳಲು ನಾಲಿಗೆ ಏಳುವುದಿಲ್ಲ.

ಹೊಸೂರಿನ ಹೊರಗೆ, ಪ್ರಯೋಗಾಲಯದ ಪ್ರಾಣಿಗಳಿಗೆ ಆಹಾರ ತಯಾರಿಸುವ ಸಣ್ಣ ಘಟಕವೊಂದರಲ್ಲಿ ನನಗೆ ಕೆಲಸ. ಹೃದಯದ ರೋಗಕ್ಕೆ ಔಷಧ ಹುಡುಕುವವರು ಮೊದಲು ಮೊಲಗಳಿಗೆ ಆ ರೋಗ ಬರಿಸಬೇಕಲ್ಲ, ಅದಕ್ಕೆಂದು ಕೊಬ್ಬು, ಕೊಲೆಸ್ಟರಾಲ್ ಬೆರೆಸಿದ ಗುಳಿಗೆಗಳನ್ನು ಮಾಡಿ ಗುರುತಿಗೆ ಕೆಂಪು ಬಣ್ಣ ಹಾಕುತ್ತೇವೆ. ಹೋಲಿಕೆಗೆ ಇಟ್ಟುಕೊಳ್ಳುವ ಮೊಲಗಳಿಗೆ ಕೊಬ್ಬು ಬೆರೆಸದ ಬಿಳಿ ಗುಳಿಗೆ. ನಮ್ಮಲ್ಲಿ ತಮಿಳರು, ಕನ್ನಡದವರು ಎಲ್ಲರೂ ಇವನ್ನು ತೀನಿ ಎಂದೇ ಕರೆಯುತ್ತಾರೆ.

ಕೆಂಪು ತೀನಿ ತಿಂದ ಮೊಲದ ರಕ್ತನಾಳ ಒಳಗೆ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದರ ಚಿತ್ರಗಳನ್ನು ನಾನು ನೋಡಿದ್ದೆ. ಹಾಗಾಗಿ ಅಪ್ಪನ ಎದೆಯಲ್ಲಿ ಬ್ಲಾಕ್ ಇದೆ ಎಂದು ತಿಳಿದ ದಿನವೇ ಮನೆಯಲ್ಲಿ ತುಪ್ಪ, ಬೋಂಡ ಎಲ್ಲ ಬಂದ್. ಡಾಕ್ಟರು ಕಡಿಮೆ ಮಾಡಿ ಎಂದಿದ್ದರು. ನಾನು ಪೂರ್ತಿ ನಿಲ್ಲಿಸಿದೆ. ಅಪ್ಪ ಎದುರಾಡಲಿಲ್ಲ. ತಟ್ಟೆಯ ಮುಂದೆ ಕೂತಾಗ ಮಾತ್ರ, "ನಂದು ಬಿಳೀ ತೀನಿ ಅಲ್ವೇನ್ಲಾ?" ಎಂದು ನಗುತ್ತಿದ್ದ. ಇಷ್ಟೆಲ್ಲ ಪಥ್ಯ ಮಾಡಿಯೂ ಒಂದು ಬೆಳಿಗ್ಗೆ ಹೋಗಿಬಿಟ್ಟ.

ಮೂರನೆಯ ದಿನ ಉದ್ದನಪಲ್ಲಿ ಕಡೆಯ ನಮ್ಮ ಹೊಲದಲ್ಲಿ, ಅಪ್ಪನನ್ನು ಮಣ್ಣು ಮಾಡಿದ ಜಾಗದಲ್ಲಿ, ಹಾಲುತುಪ್ಪ ಬಿಟ್ಟೆವು. ಅಮ್ಮ ಎಲೆಯಲ್ಲಿ ಮುದ್ದೆ, ಕಜ್ಜಾಯ, ಬೋಂಡ ಇಟ್ಟು ಮೇಲೆ ಧಾರಾಳವಾಗಿ ತುಪ್ಪ ಸುರಿದಳು. ಎಲ್ಲರೂ ದೂರ ಸರಿದು ನಿಂತೆವು.

ಕಾಗೆ ಬಂತು. ಎಲೆಯ ಅಂಚಿನಲ್ಲಿ ಕೂತು ಕತ್ತು ಓರೆ ಮಾಡಿ ನೋಡಿತೇ ಹೊರತು ಮುಟ್ಟಲಿಲ್ಲ. ಅಲ್ಲಿಂದ ಹಾರಿ ಬದುವಿನ ಮೇಲಿದ್ದ ನನ್ನ ಬೈಕಿನ ಮೇಲೆ ಕೂತಿತು. ಹ್ಯಾಂಡಲಿನ ಚೀಲದಲ್ಲಿ, ಪರೀಕ್ಷೆಗೆ ಕೊಡಬೇಕಿದ್ದ ಎರಡೂ ಬಗೆಯ ತೀನಿ ಹಾಗೆಯೇ ಉಳಿದಿತ್ತು. ಕಾಗೆ ಕವರು ಎಳೆದು ಹರಿದುಹಾಕಿತು. ನೆಲಕ್ಕೆ ಚೆಲ್ಲಿದ ಗುಳಿಗೆಗಳಲ್ಲಿ ಕೆಂಪನ್ನು ಕೊಕ್ಕಿನಿಂದ ಆಚೆ ತಳ್ಳಿ, ಬಿಳಿಯವನ್ನೇ ಆರಿಸಿ ಆರಿಸಿ ತಿಂದಿತು.

"ಅಣ್ಣಂಗೆ ಏನೋ ಮನಸ್ನಾಗೈತೆ," ಎಂದರು ಚಿಕ್ಕಪ್ಪ.

ಅಮ್ಮ ಕಾಗೆಯಿಂದ ಕಣ್ಣು ತೆಗೆಯಲಿಲ್ಲ. "ಇನ್ನೂ ನಿಂಗೆ ಹೆದರ್ಕಂಡೇ ಅವ್ರೆ ಕಣ್ಲಾ ನಿಮ್ಮಪ್ಪ. ತಿನ್ನು ಅಂತ ನೀನೇ ಹೇಳು," ಎಂದಳು.

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಕಾಗೆಯ ಜೊತೆ ಮಾತಾಡಬೇಕಲ್ಲ ಎಂದಲ್ಲ. ಅಮ್ಮನ ಮಾತು ಅಲ್ಲಿದ್ದ ಯಾರಿಗೂ ಹೊಸದೆನಿಸಲಿಲ್ಲ, ಅದಕ್ಕೆ. ನನಗೊಬ್ಬನಿಗೇ ಅದು ಗೊತ್ತಿರಲಿಲ್ಲ.

"ತಿನ್ನಪ್ಪಾ. ತುಪ್ಪಾನೂ ತಿನ್ನು. ನಾನೇನೂ ಅನ್ನಲ್ಲ," ಎಂದೆ. ದನಿ ನನಗೇ ಕೇಳಿಸುವಷ್ಟು ಇರಲಿಲ್ಲ. ಕಾಗೆ ಹಾರಿ ಬಂದು, ತುಪ್ಪದಲ್ಲಿ ನೆಂದ ಬೋಂಡಕ್ಕೇ ಮೊದಲು ಕೊಕ್ಕು ಹಾಕಿತು.

ಕಾಗೆ ಜನರ ಗದ್ದಲಕ್ಕೆ ಬೆದರಿರಬೇಕು ಎಂದು ಕೆಲಸದ ಜೊತೆಯವರು ಹೇಳುತ್ತಾರೆ. ಇರಬಹುದು. ಆದರೆ ಘಟಕದ ಅಂಗಳದಲ್ಲಿ ಎರಡೂ ತೀನಿಯನ್ನು ಎಷ್ಟೋ ಸಲ ಎರಚಿ ನೋಡಿದ್ದೇನೆ; ಕಾಗೆಗಳು ಮುಗಿಬೀಳುವುದು ಕೆಂಪಿಗೇ. ಅವತ್ತಿನದು ಬರೀ ಕಾಗೆ ಎಂದು ಯಾರಾದರೂ ನನಗೆ ಮನದಟ್ಟು ಮಾಡಿಕೊಟ್ಟರೆ ಸಾಕು. ಅಪ್ಪನೇ ಬಂದಿದ್ದ ಎಂದು ನಂಬಿದರೆ, ಹೆದರಿಕೊಂಡೇ ಬಂದಿದ್ದ ಎಂಬುದನ್ನೂ ನಂಬಬೇಕಾಗುತ್ತದೆ.