ಚಕ್ರಕ್ಕೆ ಬಾಡಿಗೆ, ಕುರಿಗೆ ಜೋಳ

ಮೊನ್ನೆ ವಿಜಯಪುರದಲ್ಲಿ ದೊಡ್ಡ ಬಟ್ಟೆ ಅಂಗಡಿಯೊಂದರ ನೆಲಮಾಳಿಗೆಗೆ ನಮ್ಮ ಪಿಕಪ್ ಗಾಡಿ ಇಳಿಸಿದೆ. ಪಾರ್ಕಿಂಗ್ ಚೀಟಿ ಕೊಡಲು ಕಿಟಕಿಗೆ ಬಗ್ಗಿದ ಕಾವಲಿನವನು ಮೂಗು ಹಿಡಿದುಕೊಂಡ. ದಾರಿಯಲ್ಲಿ ಮಳೆ ಹಿಡಿದು ಸೀಟಿನ ಮೇಲಿನ ಕಂಬಳಿ ತೊಯ್ದಿತ್ತು. ತೊಯ್ದ ಕಂಬಳಿಯ ವಾಸನೆ ನಿಮಗೆ ಗೊತ್ತಿದ್ದರೆ ನಾನು ಹೇಳಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ಹೇಳಿ ಉಪಯೋಗವಿಲ್ಲ. ಅದನ್ನು ಓಡಿಸಲೆಂದೇ ನಾನು ಕನ್ನಡಿಗೆ ಮಲ್ಲಿಗೆ ಸುಗಂಧದ ಡಬ್ಬಿಯೊಂದನ್ನು ತೂಗುಹಾಕಿದ್ದೇನೆ. ಈಗ ಗಾಡಿಯೊಳಗೆ ಮಲ್ಲಿಗೆ ಮುಡಿದ ಟಗರು ಕೂತಂತಿರುತ್ತದೆ.

ಕೈಯಲ್ಲಿ ಪಾರ್ಕಿಂಗ್ ಚೀಟಿ, ಮೂಗಿನಲ್ಲಿ ಕುರಿ. ಎರಡೂ ಕೂಡಿ ಬಂದರೆ ನನಗೆ ನೆನಪಾಗುವವಳು ನನ್ನ ಸೋದರತ್ತೆ ಮಾಳವ್ವ. ಗಾಡಿ ಅವಳದೇ. ಗಡಿಯಾಚೆ ಮರಾಠಿ ಸೀಮೆಯ ಜತ್ತ ತಾಲ್ಲೂಕಿನ ಕನ್ನಡ ಶಾಲೆಯ ಮಾಸ್ತರನಾದ ನಾನು ರಜೆ ಬಂತೆಂದರೆ ಅವಳ ಡ್ರೈವರ್. ಶಾಲೆಯಲ್ಲಿ ನನಗೆ ಹೆದರುವವರು ನಾಲ್ಕು ಜನ ಇರಬಹುದು. ಗಾಡಿಯಲ್ಲಿ ಟಗರು ಕೂಡ ಹೆದರುವುದಿಲ್ಲ.

ತಿಕೋಂಡಿಯ ಅತ್ತೆಯ ಹಿಂಡು ಸುತ್ತಲ ಊರಿಗೆಲ್ಲ ಗೊತ್ತು. ಸುಗ್ಗಿ ಮುಗಿದ ಹೊಲದಲ್ಲಿ ಒಂದು ರಾತ್ರಿ ಹಿಂಡು ತರುಬಿದರೆ, ಅಂದರೆ ಮಲಗಿಸಿದರೆ, ಹಿಕ್ಕೆಯೂ ಗಂಜಲವೂ ಬಿದ್ದು ಹೊಲ ಹದವಾಗುತ್ತದೆ. ಅದಕ್ಕೆ ಹೊಲದವರು ಕುರಿಯವರಿಗೆ ಜೋಳ ಅಳೆದು ಕೊಡುತ್ತಾರೆ. ಗಮನಿಸಿ, ತಂಗಿದವರು ಕೊಡುವುದಿಲ್ಲ, ತಂಗಿಸಿಕೊಂಡವರು ಕೊಡುತ್ತಾರೆ. ಬೆಳುಂಕಿಯವರು, ಅಸಂಗಿಯವರು ಫೋನ್ ಮಾಡಿ ಕರೆಯುತ್ತಾರೆ. ಕರಾರಿಲ್ಲ, ಸಹಿ ಇಲ್ಲ. ಮಾಳವ್ವನ ಮಾತೆಂದರೆ ಮುಗಿಯಿತು.

ಕೆಲವು ವರ್ಷಗಳ ಹಿಂದೆ ಸಂತೆಯ ಮುನ್ನಾದಿನ ಸಂಜೆ ಗಾಡಿ ತುಂಬ ಟಗರು ಹೇರಿಕೊಂಡು ಜತ್ತ ಸೇರಿದೆವು. ಪೇಟೆಯ ಅಂಚಿನಲ್ಲಿ ತಂತಿಬೇಲಿಯ ಖಾಲಿ ಜಾಗ, ಬಾಗಿಲಲ್ಲಿ ಖಾಸಗಿ ಪಾರ್ಕಿಂಗ್ ಎಂದು ಮರಾಠಿ ಫಲಕ. ಕೇಳುವವರು ಯಾರೂ ಇರಲಿಲ್ಲ. ಒಳಗೆ ಹೋದೆವು, ಟಗರು ಇಳಿಸಿದೆವು, ಅವು ಹಾಯಾಗಿ ಮಲಗಿದವು. ಬೆಳಿಗ್ಗೆಯೂ ಬಾಗಿಲಲ್ಲಿ ಯಾರಿಲ್ಲ. ಅತ್ತೆ ನೆಲದ ತುಂಬ ಬಿದ್ದ ಹಿಕ್ಕೆಯನ್ನು ತೃಪ್ತಿಯಿಂದ ನೋಡಿ ಹೇಳಿದಳು: "ಪಾಪ, ಯಾರೋ ಹೊಸಬರು ಇದ್ದಂಗದ. ಜ್ವಾಳ ಕೇಳೂದು ಬ್ಯಾಡ. ಹೋಗ್ಲಿ ಬಿಡು."

ಹೀಗೆ ದಾನ ಮಾಡಿದವರ ಗತ್ತಿನಲ್ಲಿ ನಾವು ಹೊರಟು ಬಂದೆವು.

ಎರಡು ತಿಂಗಳಿಗೆ ನೋಟೀಸು ಬಂತು. ಬಾಗಿಲಿನ ಕ್ಯಾಮೆರಾ ನಮ್ಮ ಗಾಡಿಯ ನಂಬರು ಹಿಡಿದಿತ್ತು. ಪಾರ್ಕಿಂಗ್ ಬಾಡಿಗೆ, ಅದರ ಮೇಲೆ ದಂಡ, ದಂಡದ ಮೇಲೆ ವಕೀಲರ ಖರ್ಚು. ಲೋಕ ಅದಾಲತ್ತಿಗೆ ಹಾಜರಾಗಬೇಕು. ಎಲ್ಲ ಸೇರಿಸಿದರೂ ಒಂದು ಮರಿಯ ಬೆಲೆಯಿಲ್ಲ. "ಕೊಟ್ಟು ಕೈ ತೊಳ್ಕೊಳ್ಳೂಣು ಅತ್ತಿ," ಎಂದೆ.

"ಏನ್ ಬರದಾರ, ಪೂರಾ ಓದು."

'ಪಳೂನ ಗೇಲ್ಯಾ' ಎಂಬಲ್ಲಿಗೆ ಬಂದು ತಡವರಿಸಿದೆ. ಮರಾಠಿ ಅವಳಿಗೂ ಬರುತ್ತದೆ, ನುಂಗಿಕೊಳ್ಳಲು ಆಗಲಿಲ್ಲ. ಹಣ ಕೊಡದೆ ಓಡಿಹೋದರು ಎಂದಿತ್ತು.

ಅತ್ತೆಯ ಮುಖ ಕೆಂಪಾಯಿತು. "ನಾ ಓಡಿ ಹೋದಾಕಿ? ನಾಳೆ ಬೆಳುಂಕಿ ಮಂದಿ ಇದನ್ನ ಕೇಳಿದ್ರ ನನ್ನ ಹಿಂಡು ಯಾರು ಕರೀತಾರೋ? ಒಂದು ಪೈ ಕೊಡಬ್ಯಾಡ. ಕೊಟ್ಟರ ಓಡಿ ಹೋಗಿದ್ದು ಖರೆ ಆಗ್ತದ. ನಡಿ, ಕೋರ್ಟಿಗೆ ಹೋಗೂಣು!"

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಜೀವಮಾನದಲ್ಲಿ ನನ್ನ ಮೇಲೆ ಯಾರೂ ಖಟ್ಲೆ ಹಾಕಿರಲಿಲ್ಲ. ಮೊಬೈಲಿನಲ್ಲಿ ಕಾನೂನು ಹುಡುಕಿದೆ, ಒಳ್ಳೆ ಮರಾಠಿಯಲ್ಲಿ ಭಾಷಣ ಬರೆದೆ, ಕನ್ನಡಿ ಮುಂದೆ ನಿಂತು ಹೇಳಿದೆ. ಫಲಕದಲ್ಲಿ ದರ ಬರೆದಿರಲಿಲ್ಲ ಎನ್ನುವಲ್ಲಿ ಬೆರಳೆತ್ತಬೇಕು ಎಂಬುದನ್ನೂ ಗೊತ್ತುಮಾಡಿಕೊಂಡೆ. ಹೆಂಡತಿ ಅಡುಗೆಮನೆಯಿಂದ ಇಣುಕಿ, "ಇನ್ನೊಂದ್ಸಲ ಬೆರಳ ಎತ್ರಿ, ನೋಡೂಣು," ಎಂದಳು. ನಾನು ಎತ್ತಲಿಲ್ಲ.

ಆ ದಿನ ಕೋರ್ಟಿನ ಅಂಗಳ ಸಂತೆಯಂತೆ ತುಂಬಿತ್ತು. ನಮ್ಮ ಹೆಸರು ಕೂಗಿದಾಗ ಕಬಡ್ಡಿ ಗೆರೆ ದಾಟುವಾಗಿನಂತೆ ಎದೆ ಹೊಡೆದುಕೊಂಡಿತು. ಮೇಜಿನಾಚೆ ನ್ಯಾಯಾಧೀಶೆ, ಪಕ್ಕದಲ್ಲಿ ಜಾಗದ ಮಾಲೀಕ, ಅವನ ವಕೀಲ. ಮಾಲೀಕ ನಡುವಯಸ್ಸಿನ ಸಂಭಾವಿತ. ಅವನೂ ಮನೆಯಲ್ಲಿ ಕನ್ನಡ ಮಾತಾಡುವವನೇ ಎಂದು ಅವನ ನಮಸ್ಕಾರದಲ್ಲೇ ತಿಳಿಯಿತು.

ನಾನು ಗಂಟಲು ಸರಿಮಾಡಿಕೊಂಡು ಭಾಷಣದ ಮೊದಲ ಶಬ್ದ ಹೇಳುವಷ್ಟರಲ್ಲಿ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ನ್ಯಾಯಾಧೀಶೆಯ ಎದುರು ನಿಂತಳು. ಸಿಟ್ಟಿನಲ್ಲಿ ಅವಳಿಗೆ ಕನ್ನಡ ಒಂದೇ ಬರುವುದು.

"ಬಾಯಾರ, ನನ್ನ ಟಗರು ಇವರ ಜಾಗಾದಾಗ ರಾತ್ರಿ ಮಲಗ್ಯಾವ. ನಮ್ಮ ಕಡೆ ಕುರಿ ಮಲಗಿದ್ರ ಜಾಗಾದವರು ಜ್ವಾಳ ಕೊಡ್ತಾರ. ಇವರು ಕೊಡಲಿಲ್ಲ. ಹಂಗಂತ ಇವರು ಓಡಿ ಹೋದ್ರು ಅಂತ ನಾ ಎಲ್ಲೆರ ಬರಸೀನೇನು?"

ನಾನು ಮರಾಠಿಗೆ ತಿರುಗಿಸಿದೆ. ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ವಕೀಲ ಎದ್ದು ನಿಂತು, ಇದು ಹೊಲವಲ್ಲ, ಪಾರ್ಕಿಂಗ್ ಜಾಗ, ಇಲ್ಲಿ ಗೊಬ್ಬರದಿಂದ ಲಾಭವೇನು ಎಂದ. ಆ ಮಾತು ನನಗೂ ಸರಿ ಅನ್ನಿಸಿತು. ಸೋತೆವು ಅಂದುಕೊಂಡೆ.

ಅತ್ತೆ ವಕೀಲನ ಕಡೆ ನೋಡಲೇ ಇಲ್ಲ. ಸೀದಾ ಮಾಲೀಕನನ್ನು ಕೇಳಿದಳು: "ಅಣ್ಣಾರ, ಖರೆ ಹೇಳ್ರಿ. ಆ ಹಿಕ್ಕಿ ಎಲ್ಲಿ ಹೋತು?"

ಮಾಲೀಕ ವಕೀಲನ ಮುಖ ನೋಡಿದ. ವಕೀಲ ಮೇಲಿನ ಫ್ಯಾನು ನೋಡಿದ. ಕೊನೆಗೆ ಮಾಲೀಕ ಮೆಲ್ಲಗೆ ಬಾಯಿಬಿಟ್ಟ. "ಬಳಿಸಿ, ಚೀಲಾ ತುಂಬಿಸಿ, ದಾಳಿಂಬ್ರಿ ಗಿಡಕ್ಕ ಹಾಕೀನ್ರೀ."

"ಗಿಡ ಹೆಂಗದಾವ?"

"ಭಾಳ ಚಲೋ ಅದಾವ್ರಿ," ಎಂದು ಅವನು ತಾನೇ ನಕ್ಕುಬಿಟ್ಟ.

ನಾನು ತರ್ಜುಮೆ ಮಾಡುವ ಮೊದಲೇ ಅರ್ಧ ಕೋರ್ಟು ಹೋ ಎಂದಿತು. ನ್ಯಾಯಾಧೀಶೆ ನಗುವನ್ನು ಸೆರಗಿನಲ್ಲಿ ಅಡಗಿಸಿಕೊಂಡು, ತಡಜೋಡು, ಅಂದರೆ ರಾಜಿ, ಮಾಡಿಕೊಳ್ಳುತ್ತೀರಾ ಎಂದು ಕೇಳಿದರು. ಮಾಲೀಕ ದಾವೆ ಬಿಟ್ಟುಕೊಟ್ಟ. ಓಡಿಹೋದರು ಎಂಬ ಮಾತು ತಪ್ಪು ಎಂದು ಎಲ್ಲರೆದುರು ಹೇಳಿ ಕೈಮುಗಿದ. ನನಗೆ ಕುಣಿಯುವಷ್ಟು ಸಂತೋಷ. ಮಡಚಿದ ಭಾಷಣ ಕಿಸೆಯಲ್ಲೇ ಬೆವರುತ್ತಿತ್ತು, ಬೆವರಲಿ.

ಇಲ್ಲಿಗೆ ಮುಗಿಯಿತು ಎಂದು ನೀವೂ ಅಂದುಕೊಂಡಿರಿ, ನಾನೂ ಅಂದುಕೊಂಡಿದ್ದೆ. ಹೊರಗೆ ಬೇವಿನ ಗಿಡದ ಕೆಳಗೆ ಅತ್ತೆ ಮಾಲೀಕನನ್ನು ತಡೆದು ನಿಲ್ಲಿಸಿ ಸೊಂಟದ ಸಂಚಿ ಬಿಚ್ಚಿದಳು.

"ಗಾಡಿ ನಿಲ್ಲಿಸಿದ್ದಕ್ಕ ಒಂದು ರಾತ್ರಿ ಬಾಡಿಗಿ ಎಷ್ಟ್ರಿ?"

ಮಾಲೀಕ ಹಿಂದೆ ಸರಿದ. "ಅಯ್ಯ, ಬ್ಯಾಡ್ರೀ ಯವ್ವಾ. ಎಲ್ಲಾ ಮುಗೀತಲ್ಲ."

"ಕುರಿ ಲೆಕ್ಕ ಮುಗೀತು. ಗಾಡೀದು ಮುಗದಿಲ್ಲ. ಚಕ್ರ ಏನು ಹಿಕ್ಕಿ ಹಾಕ್ತಾವೇನ್ರಿ? ಹಿಡೀರಿ."

ಅವನ ಅಂಗೈಯಲ್ಲಿ ನೋಟಿಟ್ಟು ಬೆರಳು ಮಡಚಿಯೇ ಬಿಟ್ಟಳು. ಗೆದ್ದವಳು ಹಣ ಕೊಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಸುಗ್ಗಿಯಲ್ಲಿ ಅವಳ ಹಿಂಡನ್ನು ಮೊದಲು ಕರೆದದ್ದು ಬೆಳುಂಕಿಯಲ್ಲ, ಅಸಂಗಿಯಲ್ಲ, ಆ ದಾಳಿಂಬೆ ತೋಟ.

ಮೊನ್ನೆ ಬಟ್ಟೆ ಕೊಂಡು ನೆಲಮಾಳಿಗೆಯಿಂದ ಮೇಲೆ ಬಂದಾಗ ಅಡ್ಡಗೋಲು ಎತ್ತಿಯೇ ಇತ್ತು. ಕಾವಲಿನವನ ಕುರ್ಚಿ ಖಾಲಿ. ಹಿಂದಿನ ಕಾರಿನವನು ಹೋಗು ಹೋಗು ಎಂದು ಹಾರ್ನು ಹೊಡೆದ. ನಾನು ಅವನಿಗಿಂತ ಜೋರಾಗಿ ಹೊಡೆದೆ, ಬಿಡದೆ ಹೊಡೆದೆ. ಕಾವಲಿನವನು ಚಹಾದ ಕಪ್ಪು ಹಿಡಿದು ಓಡಿ ಬಂದ.

"ಹೋಗೂದ ಬಿಟ್ಟು ಯಾಕ ನಿಂತೀರಿ ಸರ? ಯಾರು ಕೇಳ್ತಿದ್ರು ನಿಮಗ?"

ಮಲ್ಲಿಗೆಯ ಡಬ್ಬಿಯನ್ನು ಕನ್ನಡಿಯಿಂದ ಬಿಚ್ಚಿ ಡ್ಯಾಶ್‌ಬೋರ್ಡಿನ ಖಾನೆಯೊಳಗೆ ಎಸೆದೆ, ಗಾಜು ಪೂರ್ತಿ ಇಳಿಸಿ ಹಣ ಚಾಚಿದೆ.

"ತಗೋಳಪಾ. ಇವತ್ತ ಹಿಂದ ಕುರಿ ಇಲ್ಲ, ಬರೇ ಚಕ್ರ ಅದಾವ."